ಗಟ್ಟಿಮೈಯ ಲ್ಯಾಪ್‌ಟಾಪೂ ನಿಸ್ತಂತು ಮಾನಕಗಳೂ

ಶಾಸನಶೋಧನೆಯ ಕಾರ್ಯಕ್ಕೆ ನಮ್ಮ ನಾಡಿನಲ್ಲಿ ಒಂದು ಶತಮಾನಕ್ಕೂ ಮೀರಿದ ಚರಿತ್ರೆಯುಂಟೆಂಬುದು ವಾಚಕರಿಗೆ ವಿದಿತವಾದ ಸಂಗತಿಯೇ. ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ 1905ರಲ್ಲಿ ಹೊರತಂದ ಕಾಲದಲ್ಲಿ ಶೋಧಕನ ಕೈಯ ಸಾಮಗ್ರಿಯೆಂದರೆ ನೀರು, ಕುಂಚ, ಕಾಗದ, ಮಸಿ ಇವಿಷ್ಟೆ. ಒದ್ದೆಯ ಕಾಗದವನ್ನು ಕಲ್ಲಿಗೆ ಹಚ್ಚಿ, ಕುಂಚದಿಂದ ತಟ್ಟಿ, ಮೇಲೆ ಮಸಿಯೊತ್ತಿ ತೆಗೆದ ಪಡಿಯಚ್ಚು ಒಣಗಿದ ಬಳಿಕ ಸುರುಳಿಯಾಗಿ ಕಂಕುಳಿಗೇರುತ್ತಿತ್ತು. ಬಯಲಿನಿಂದ ಕಚೇರಿಗೆ ಅದನ್ನು ಸಾಗಿಸುವುದರಲ್ಲಿ ಮಳೆಯೊಂದನ್ನುಳಿದು ಬೇರೆ ಭಯವಿರಲಿಲ್ಲ. ಈಗಲೋ ಕಾಲವು ಬದಲಾಗಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದೀಚೆಗೆ ಈ ಪ್ರಾಂತದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕಾರ್ಯವನ್ನು ಕೈಗೊಂಡಿದೆ. ಕಲ್ಲಿನ ಮೇಲೆ ಬೆಳಕಿನ ರೇಖೆಗಳನ್ನು ಬೀರಿ, ಅವು ಅಕ್ಷರದ ತಗ್ಗಿನಲ್ಲಿ ಬಾಗುವ ಬಗೆಯನ್ನು ಅಳೆದು, ಆ ಅಳತೆಗಳಿಂದ ಕಲ್ಲಿನ ಮೈಯನ್ನೇ ಮರಳಿ ಕಟ್ಟುವ ಈ ವಿಧಾನಕ್ಕೆ ಪಕ್ಕದಲ್ಲಿಯೇ ಒಂದು ಕಂಪ್ಯೂಟರ್ ಇರಬೇಕಾಗುತ್ತದೆ. ಹೀಗಾಗಿ ಶಾಸನಶೋಧಕನ ಗಂಟಿನಲ್ಲಿ ಲ್ಯಾಪ್‌ಟಾಪು ಸೇರಿಕೊಂಡಿತು. ಜಾನಪದ ಸಂಗ್ರಾಹಕರಿಗೂ ಹಸ್ತಪ್ರತಿಗಳನ್ನು ಅರಸಿ ಹೋಗುವವರಿಗೂ ಇಂದು ಇದೇ ಪರಿಸ್ಥಿತಿ.

ಬಯಲಿಗೆ ಹೋಗುವವರಿಗೆ ಅಂಗಡಿಯವರು ಸಾಮಾನ್ಯವಾಗಿ ತೋರಿಸುವುದು ಗಟ್ಟಿಮೈಯ ಲ್ಯಾಪ್‌ಟಾಪನ್ನು. ಸಾಧಾರಣ ಯಂತ್ರಕ್ಕಿಂತ ಇದರ ಬೆಲೆ ಎರಡು ಮೂರು ಪಾಲು ಹೆಚ್ಚಿರುವುದುಂಟು. ಇಷ್ಟು ಹಣವನ್ನು ತೆರುವ ಸಂಸ್ಥೆಯು ಅದರಿಂದ ಎಷ್ಟು ವರ್ಷ ಕೆಲಸ ಪಡೆಯಬಲ್ಲುದೆಂಬುದೇ ಈ ಲೇಖನದ ವಿಚಾರ. ಆ ಪ್ರಶ್ನೆಯ ಉತ್ತರವು ಯಂತ್ರದ ಕವಚದಲ್ಲಿಲ್ಲ, ಕವಚದೊಳಗಿನ ಒಂದು ಅಂಗುಲದಷ್ಟು ಅಗಲದ ನಿಸ್ತಂತು ಕಾರ್ಡಿನಲ್ಲಿದೆ ಎಂದು ನಾವು ಹೇಳುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದುದರಿಂದ ತುಸು ವಿಸ್ತಾರವಾಗಿಯೇ ವಿವರಿಸಬೇಕಾಗಿದೆ.

ಮೊದಲು ಗಟ್ಟಿತನವೆಂದರೇನೆಂಬುದನ್ನು ನೋಡೋಣ. ಪ್ಯಾನಸೋನಿಕ್ ಸಂಸ್ಥೆಯು 1996ರಲ್ಲಿ 'ಟಫ್‌ಬುಕ್' ಎಂಬ ಹೆಸರಿನಿಂದ ಮೆಗ್ನೀಸಿಯಂ ಮಿಶ್ರಲೋಹದ ಕವಚವುಳ್ಳ ಲ್ಯಾಪ್‌ಟಾಪನ್ನು ಹೊರತಂದಿತು. ಅಲ್ಲಿಂದೀಚೆಗೆ ಇಂಥ ಯಂತ್ರಗಳ ಪರೀಕ್ಷೆಗೆ ಎರಡು ಅಳತೆಗೋಲುಗಳು ರೂಢಿಯಾಗಿವೆ. ಒಂದು, ಅಮೆರಿಕದ ಸೈನ್ಯದ ಮಿಲ್-ಎಸ್‌ಟಿಡಿ-810 ಎಂಬ ಮಾನಕ, 1962ರಲ್ಲಿ ಮೊದಲಾದುದು. ಇದರ ಪ್ರಸಿದ್ಧ ಪರೀಕ್ಷೆಯಲ್ಲಿ ಯಂತ್ರವನ್ನು ನಾಲ್ಕು ಅಡಿ ಎತ್ತರದಿಂದ 26 ಸಲ ಬೀಳಿಸುತ್ತಾರೆ. 26 ಎಂಬುದು ಯಾದೃಚ್ಛಿಕ ಸಂಖ್ಯೆಯಲ್ಲ. ಪೆಟ್ಟಿಗೆಗೆ ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ, ಒಂದೊಂದರ ಮೇಲೆ ಒಂದೊಂದು ಸಲ. ಇನ್ನೊಂದು ಅಳತೆಗೋಲು ಧೂಳು ನೀರುಗಳ ತಡೆಯನ್ನು ಎರಡು ಅಂಕಿಗಳಲ್ಲಿ ಹೇಳತಕ್ಕ ಐಪಿ ಸಂಕೇತ. ಐಪಿ65 ಎಂದರೆ ಧೂಳು ಸ್ವಲ್ಪವೂ ಒಳಹೋಗದು, ಯಾವ ಕಡೆಯಿಂದ ನೀರು ಚಿಮ್ಮಿದರೂ ಕೆಡದು ಎಂದರ್ಥ. ಸೈನ್ಯದ ಮಾನಕದ ಬಗೆಗೆ ಒಂದು ಮಾತು: ಯಾವ ಸರಕಾರಿ ಕಚೇರಿಯೂ ಯಂತ್ರಗಳನ್ನು ಪರೀಕ್ಷಿಸಿ ಮುದ್ರೆಯೊತ್ತುವುದಿಲ್ಲ. ತಯಾರಕನೇ ತನಗೆ ಬೇಕಾದ ಪರೀಕ್ಷೆಗಳನ್ನು ಆರಿಸಿಕೊಂಡು, ತಾನೇ ನಡೆಸಿ ಅಥವಾ ನಡೆಸಿಸಿ, ಉತ್ತೀರ್ಣವೆಂದು ಬರೆದುಕೊಳ್ಳುತ್ತಾನೆ. ಆದಕಾರಣ ಯಾವ ಯಾವ ಪರೀಕ್ಷೆಗಳೆಂದು ಕೇಳುವುದು ಕೊಳ್ಳುವವನ ಹಕ್ಕು.

ಇವೆರಡು ಅಳತೆಗೋಲುಗಳೂ ಯಂತ್ರದ ನಿಸ್ತಂತು ಸಾಮರ್ಥ್ಯದ ವಿಷಯದಲ್ಲಿ ಮೌನವಾಗಿವೆಯೆಂಬುದನ್ನು ಗಮನಿಸಬೇಕು. ಬಿದ್ದರೂ ಒಡೆಯದ ಯಂತ್ರವು ಹತ್ತು ವರ್ಷ ಹಳೆಯ ಭಾಷೆಯನ್ನು ಆಡುತ್ತಿರಬಹುದು.

'ಭಾಷೆ' ಎಂಬ ಮಾತನ್ನು ಇಲ್ಲಿ ಅಲಂಕಾರಕ್ಕಾಗಿ ಬಳಸಿಲ್ಲ. ತಂತಿಯಿಲ್ಲದೆ ಎರಡು ಯಂತ್ರಗಳು ಸಂವಾದಿಸಬೇಕಾದರೆ ಯಾವ ತರಂಗಗಳನ್ನು ಬಳಸಬೇಕು, ಒಂದು ಮಾತು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆ, ಯಾರು ಯಾವಾಗ ಸುಮ್ಮನಿರಬೇಕು, ಕೇಳಿಸಿತೆಂದು ಹೇಗೆ ತಿಳಿಸಬೇಕು ಎಂಬಿವೆಲ್ಲ ಮೊದಲೇ ನಿಶ್ಚಿತವಾಗಿರಬೇಕಷ್ಟೆ. ಈ ನಿಶ್ಚಯಗಳ ಗ್ರಂಥವೇ ಮಾನಕ. ಐಇಇಇ ಎಂಬ ಅಂತರರಾಷ್ಟ್ರೀಯ ಇಂಜಿನಿಯರುಗಳ ಸಂಘದ ಸಮಿತಿಯೊಂದು ಇದನ್ನು 802.11 ಎಂಬ ಸಂಖ್ಯೆಯಿಂದ 1997ರಲ್ಲಿ ಮೊದಲು ಪ್ರಕಟಿಸಿತು. ಆಗ ಇದರ ವೇಗ ಸೆಕೆಂಡಿಗೆ 2 ಮೆಗಾಬಿಟ್. ಆ ಬಳಿಕ ಬಂದ ತಿದ್ದುಪಡಿಗಳಿಗೆ ಇಂಗ್ಲಿಷ್ ಅಕ್ಷರಗಳ ಬಾಲವನ್ನು ಅಂಟಿಸುತ್ತ ಹೋದರು. 1999ರಲ್ಲಿ ಬಿ, 11 ಮೆಗಾಬಿಟ್, ಅದೇ ವರ್ಷ ಎ, 54, 2003ರಲ್ಲಿ ಜಿ, ಅದಕ್ಕೂ 54, 2009ರಲ್ಲಿ ಎನ್, ಗರಿಷ್ಠ 600, 2013ರಲ್ಲಿ ಎಸಿ, 2021ರಲ್ಲಿ ಎಎಕ್ಸ್, 2025ರಲ್ಲಿ ಬಿಇ. ಈ ಅಕ್ಷರಮಾಲೆ ಜನರಿಗೆ ಅರ್ಥವಾಗದೆಂದು ಕಂಡ ವೈ-ಫೈ ಅಲೈಯನ್ಸ್ ಎಂಬ ತಯಾರಕರ ಕೂಟವು 2018ರಲ್ಲಿ ಎನ್ ಎಂಬುದಕ್ಕೆ ವೈ-ಫೈ 4, ಎಸಿ ಎಂಬುದಕ್ಕೆ 5, ಎಎಕ್ಸ್ ಎಂಬುದಕ್ಕೆ 6 ಎಂದು ಅಂಕಿಗಳನ್ನಿಟ್ಟಿತು; ಬಿಇ ಈಗ ವೈ-ಫೈ 7. 'ವೈ-ಫೈ' ಎಂಬುದಕ್ಕೆ ಅಸಲಿಗೆ ಯಾವ ವಿಸ್ತಾರರೂಪವೂ ಇಲ್ಲ. ಹೆಸರು ಕಟ್ಟುವ ಕಸುಬಿನವರಿಂದ 1999ರಲ್ಲಿ ಮಾಡಿಸಿದ ಪದವದು. ನಮ್ಮ ಬಿಟಿಎಂ ಬಡಾವಣೆಯ ಮೂರು ಅಕ್ಷರಗಳಲ್ಲಿ ಬ್ಯಾರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಅಡಗಿರುವಂತೆ ಇದರಲ್ಲಿಯೂ ಏನೋ ಅಡಗಿರಬೇಕೆಂದು ಹುಡುಕುವುದು ವ್ಯರ್ಥ.

ಇನ್ನು ಈ ತಲೆಮಾರುಗಳ ಪರಸ್ಪರ ಸಂಬಂಧ. ಹಳಗನ್ನಡವನ್ನು ಕಲಿತ ಇಂದಿನ ವಿದ್ವಾಂಸನು ಬೇಗೂರಿನ ಕಲ್ಲನ್ನೂ ಓದುತ್ತಾನೆ, ಈ ದಿನದ ಪತ್ರಿಕೆಯನ್ನೂ ಓದುತ್ತಾನೆ. ಆದರೆ ಆ ಕಲ್ಲನ್ನು ಕಂಡರಿಸಿದವನ ಮುಂದೆ ಇಂದಿನ ಪತ್ರಿಕೆಯನ್ನು ಹಿಡಿದರೆ ಅವನಿಗೆ ಅದು ದಕ್ಕಲಾರದು. ನಿಸ್ತಂತು ಮಾನಕಗಳಲ್ಲಿಯೂ ಹೀಗೆಯೇ. ಹೊಸ ಕಾರ್ಡು ಹಳೆಯ ರೌಟರಿನೊಡನೆ ಹಳೆಯ ಮಾತನ್ನೇ ಆಡಿ ಕೆಲಸ ಸಾಗಿಸುತ್ತದೆ. ಹಳೆಯ ಕಾರ್ಡು ಹೊಸ ರೌಟರಿನ ಹೊಸ ಮಾತನ್ನು ಅರಿಯದು. ಇಬ್ಬರಿಗೂ ಸಮಾನವಾಗಿ ಬರುವ ಅತ್ಯುನ್ನತ ಮಾನಕದಲ್ಲಿ ಮಾತ್ರ ಸಂಭಾಷಣೆ ನಡೆಯುತ್ತದೆ. ಇಲ್ಲಿಗೆ ಉಪಮಾನವು ನಿಲ್ಲುತ್ತದೆ. ಏಕೆಂದರೆ ಗ್ರಂಥಾಲಯದಲ್ಲಿ ಒಬ್ಬನು ಮೆಲ್ಲನೆ ಓದಿದರೆ ಪಕ್ಕದವನಿಗೆ ನಷ್ಟವಿಲ್ಲ, ಗಾಳಿಯಲ್ಲಾದರೋ ಎಲ್ಲರಿಗೂ ಹಂಚಿಕೆಯಾಗಿರುವುದು ಒಂದೇ ಹೊತ್ತು. ಪ್ರತಿಯೊಂದು ಯಂತ್ರವೂ ಮಾತಾಡುವ ಮುನ್ನ ಕಿವಿಗೊಟ್ಟು, ಮತ್ತಾರೂ ಮಾತಾಡುತ್ತಿಲ್ಲವೆಂದು ತಿಳಿದ ಮೇಲೆ ಒಂದು ಕ್ಷಣ ತಡೆದು ಬಾಯಿ ತೆರೆಯಬೇಕೆಂಬುದು 802.11ರ ಮೂಲನಿಯಮ. ನಿಧಾನವಾಗಿ ಮಾತಾಡುವ ಹಳೆಯ ಯಂತ್ರವೊಂದು ಸಭೆಯಲ್ಲಿದ್ದರೆ ಅದು ಮುಗಿಸುವವರೆಗೆ ಉಳಿದವರೆಲ್ಲ ಕಾಯಬೇಕು. ಸಾಲದುದಕ್ಕೆ, ಬಿ ಮಾನಕದ ಯಂತ್ರವು ಸಮೀಪದಲ್ಲಿದ್ದಾಗ ಜಿ ಮಾನಕದವು ತಾವು ಮಾತಾಡುವ ಮುನ್ನ ಅದಕ್ಕೆ ತಿಳಿಯುವ ಹಳೆಯ ಧಾಟಿಯಲ್ಲಿ ಒಂದು ಎಚ್ಚರಿಕೆ ಕೊಡಬೇಕಾಗುತ್ತದೆ. ಇದರಿಂದಲೂ ಕಾಲಹರಣ.

ಲೆಕ್ಕವಿಲ್ಲದೆ ಇದರ ತೂಕ ತಿಳಿಯದು. ಒಂದು ದಿನದ ಕೆಲಸದಲ್ಲಿ ಕೆಲವು ಕಲ್ಲುಗಳ ಸ್ಕ್ಯಾನ್ ಸೇರಿ 30 ಗಿಗಾಬೈಟ್ ಮಾಹಿತಿ ಕೂಡಿತೆಂದು ಇಟ್ಟುಕೊಳ್ಳೋಣ. ಬೈಟಿಗೆ ಎಂಟು ಬಿಟ್ ಆದುದರಿಂದ ಇದು ಎರಡು ಲಕ್ಷ ನಲವತ್ತು ಸಾವಿರ ಮೆಗಾಬಿಟ್. ಪೆಟ್ಟಿಗೆಯ ಮೇಲೆ ಬರೆದ ವೇಗವು ಎಂದೂ ಕೈಗೆ ಬರುವುದಿಲ್ಲ. ಸಾಧಾರಣವಾಗಿ ಅರ್ಧ ಬಂದರೆ ಪುಣ್ಯ. ಜಿ ಮಾನಕದಲ್ಲಿ ಕೈಗೆ ಬರುವುದು 20 ಮೆಗಾಬಿಟ್ ಎಂದುಕೊಂಡರೆ ಇಷ್ಟನ್ನು ಸಾಗಿಸಲು 3 ಗಂಟೆ 20 ನಿಮಿಷ ಬೇಕು. ಒಂದೇ ಆಂಟೆನಾದ ಎನ್ ಮಾನಕದಲ್ಲಿ 45 ಎಂದುಕೊಂಡರೆ ಸುಮಾರು ಒಂದೂವರೆ ಗಂಟೆ. ಎರಡು ಆಂಟೆನಾಗಳ ಎಸಿ ಕಾರ್ಡಿನ ಮೇಲೆ ಬರೆದಿರುವುದು 867. ಕೈಗೆ 400 ಬಂದರೂ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಇದು ಬರಿಯ ಸೌಕರ್ಯದ ಪ್ರಶ್ನೆಯಲ್ಲ. ಸ್ಕ್ಯಾನ್ ಒಂದೇ ಯಂತ್ರದಲ್ಲಿ ಇರುವಷ್ಟು ಕಾಲವೂ ಅದು ಅಪಾಯದಲ್ಲಿರುತ್ತದೆ. ಮೂರು ಗಂಟೆ ಹಿಡಿಯುವ ಪ್ರತಿ ತೆಗೆಯುವಿಕೆಯನ್ನು ದಣಿದು ಬಂದವರು ನಾಳೆಗೆ ದೂಡುತ್ತಾರೆ; ನಾಳೆ ಮತ್ತೆ ಬಯಲು. ಕಲ್ಲನ್ನು ಮರಳಿ ಸ್ಕ್ಯಾನ್ ಮಾಡಬಹುದಲ್ಲ ಎಂದರೆ, ಹೊಸ ಬಡಾವಣೆಗಳು ಏಳುತ್ತಿರುವ ಈ ಊರಿನಲ್ಲಿ ಇಂದು ಕಂಡ ಕಲ್ಲು ಮುಂದಿನ ತಿಂಗಳು ಅಲ್ಲಿಯೇ ಇರುವುದೆಂಬ ಭರವಸೆಯಿಲ್ಲ.

ಸ್ಥಳದಿಂದ ಸ್ಥಳಕ್ಕೆ ಮಾನಕದ ಫಲವೂ ಬೇರೆಯಾಗುತ್ತದೆ. ದಕ್ಷಿಣ ಬೆಂಗಳೂರಿನಲ್ಲಿಯೇ ಎರಡು ನಿದರ್ಶನಗಳನ್ನು ತೆಗೆದುಕೊಳ್ಳಬಹುದು. ಬಿಟಿಎಂ ಬಡಾವಣೆಯ ಓಣಿಯೊಂದರಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳೂ ವಸತಿಗೃಹಗಳೂ ಇದ್ದು, ಮಹಡಿ ಮಹಡಿಗೆ ಒಂದೊಂದು ರೌಟರ್ ಇರುತ್ತದೆ. ಹಳೆಯ ಬಿ, ಜಿ ಮಾನಕಗಳೂ ಅಗ್ಗದ ಎನ್ ಕಾರ್ಡುಗಳೂ ಬಳಸುವುದು 2.4 ಗಿಗಾಹರ್ಟ್ಸ್ ಪಟ್ಟಿಯನ್ನು. ಇದರ ಅಗಲ 83.5 ಮೆಗಾಹರ್ಟ್ಸ್ ಮಾತ್ರ. ಒಂದರ ಮೇಲೊಂದು ಬೀಳದಂತೆ ಮೂರೇ ಚಾನೆಲುಗಳಿಗೆ ಇದರಲ್ಲಿ ಎಡೆ. ಮೂವತ್ತು ರೌಟರುಗಳು ಈ ಮೂರನ್ನು ಹಂಚಿಕೊಂಡಾಗ ಆಗುವುದು ಸಂತೆಯ ಗದ್ದಲ. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ವಿಶಾಲವಾದ ಎಡೆಯಿದೆ. ಎಸಿ ಮಾನಕವು ಅಲ್ಲಿ ಮಾತ್ರ ನಡೆಯುತ್ತದೆ. ಆದ್ದರಿಂದ ಇಂಥ ಓಣಿಯಲ್ಲಿ ಕುಳಿತು ಕೆಲಸ ಮಾಡುವವನಿಗೆ ಯಂತ್ರಕ್ಕೆ 5 ಗಿಗಾಹರ್ಟ್ಸ್ ಬರುತ್ತದೆಯೆ ಎಂಬ ಪ್ರಶ್ನೆಯೇ ಮುಖ್ಯ.

ಇಲ್ಲಿಂದ ಕೆಲವೇ ಕಿಲೋಮೀಟರುಗಳಷ್ಟು ದಕ್ಷಿಣಕ್ಕಿರುವ ಬೇಗೂರಿಗೆ ಹೋದರೆ ಪ್ರಶ್ನೆ ತಿರುಗಿ ನಿಲ್ಲುತ್ತದೆ. 'ಬೆಂಗಳೂರು' ಎಂಬ ಹೆಸರು ಕಾಣಬರುವ ಸುಮಾರು ಕ್ರಿ. ಶ. 890ರ ವೀರಗಲ್ಲಿನಿಂದ ಪ್ರಸಿದ್ಧವಾದ ಆ ಊರಿನ ದೇವಾಲಯದಲ್ಲಿ ಕಲ್ಲಿನ ಗೋಡೆಗಳು ದಪ್ಪ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು ಹನ್ನೆರಡು ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನದು ಐದಾರು. ಉದ್ದ ಅಲೆಯು ದೂರಕ್ಕೂ ಗೋಡೆಯಾಚೆಗೂ ಚೆನ್ನಾಗಿ ಹೋಗುತ್ತದೆ. ಗಿಡ್ಡದು ಬೇಗನೆ ಬಳಲುತ್ತದೆ. ಅಲೆ ಬಳಲಿದಾಗ ಯಂತ್ರಗಳು ಸಂಪರ್ಕವನ್ನು ಕಡಿದುಕೊಳ್ಳದೆ, ತಪ್ಪು ಕೇಳಿಸದಷ್ಟು ನಿಧಾನಕ್ಕೆ ಮಾತನ್ನು ಇಳಿಸಿಕೊಳ್ಳುತ್ತವೆ. ಇದರಿಂದಾಗಿ ಗರ್ಭಗುಡಿಯ ಹಿಂದೆ ಕುಳಿತವನ ಕೈಯಲ್ಲಿ ವೈ-ಫೈ 6ರ ಯಂತ್ರವಿದ್ದರೂ ಅದು ಆಡುತ್ತಿರುವುದು ಇಪ್ಪತ್ತು ವರ್ಷದ ಹಿಂದಿನ ವೇಗದಲ್ಲಿರಬಹುದು. ಬಯಲಿನಲ್ಲಿ ಮಾನಕದ ಅಂಕಿಗಿಂತ ಆಂಟೆನಾದ ಗುಣವೇ ದೊಡ್ಡದು.

ಆಂಟೆನಾದ ಮಾತು ಬಂದಾಗ ಗಟ್ಟಿಮೈಯ ಯಂತ್ರಗಳ ವಿಶೇಷ ಕಷ್ಟವೊಂದನ್ನು ಹೇಳಲೇಬೇಕು. ಯಾವ ಲೋಹದ ಕವಚವು ಬೀಳುವಿಕೆಯಿಂದ ಕಾಪಾಡುತ್ತದೆಯೋ ಅದೇ ರೇಡಿಯೊ ಅಲೆಗಳನ್ನು ತಡೆಯುತ್ತದೆ. ಮುಚ್ಚಿದ ಲೋಹದ ಪೆಟ್ಟಿಗೆಯೊಳಗೆ ಕುಳಿತು ಕೂಗಿದರೆ ಹೊರಗೆ ಕೇಳಿಸದಷ್ಟೆ. ಈ ಕಾರಣದಿಂದ ತಯಾರಕರು ಪರದೆಯ ಅಂಚಿನಲ್ಲಿ ಪ್ಲಾಸ್ಟಿಕ್ಕಿನ ಕಿಟಕಿಗಳನ್ನು ಬಿಟ್ಟು ಅವುಗಳ ಹಿಂದೆ ಆಂಟೆನಾಗಳನ್ನು ಅಡಗಿಸುತ್ತಾರೆ. ಕೆಲವು ಯಂತ್ರಗಳ ತಳದಲ್ಲಿ ಹೊರ ಆಂಟೆನಾಕ್ಕೆ ದಾರಿ ಬಿಡುವ ಕೂಡುಗೊಂಡಿಗಳಿದ್ದು, ಜೀಪಿನ ಮೇಲಿನ ಆಂಟೆನಾಕ್ಕೆ ಅವನ್ನು ಜೋಡಿಸಬಹುದು. ಇದು ಯಂತ್ರದೊಡನೆ ತಾನಾಗಿ ಬರುವುದಲ್ಲ, ಕೇಳಿ ಹಾಕಿಸಿಕೊಳ್ಳತಕ್ಕದ್ದು. ವಾಹನದಲ್ಲಿ ಹಳ್ಳಿ ಸುತ್ತುವ ಶೋಧಕರಿಗೆ ಹೊಸ ಮಾನಕಕ್ಕಿಂತಲೂ ಇದರ ಉಪಯೋಗ ಹೆಚ್ಚೆಂದು ನಮ್ಮ ಅಭಿಪ್ರಾಯ.

'ಈ ಯಂತ್ರವು ಇಂಥ ಮಾನಕವನ್ನು ಬೆಂಬಲಿಸುತ್ತದೆ' ಎಂದು ವಿವರಪತ್ರದಲ್ಲಿ ಬರೆದಿರುತ್ತದಲ್ಲ, ಆ 'ಬೆಂಬಲ'ವೆಂಬ ಶಬ್ದದಲ್ಲಿ ಅನೇಕಾರ್ಥಗಳಿವೆ. ಕಾರ್ಡಿನೊಳಗಿನ ಚಿಪ್ಪಿಗೆ ಆ ಶಕ್ತಿಯಿರಬೇಕು. ಅದನ್ನು ನಡೆಸುವ ತಂತ್ರಾಂಶಕ್ಕೆ ಅದರ ಅರಿವಿರಬೇಕು: ವೈ-ಫೈ 6ಇ ಎಂದು ಕರೆಯುವ 6 ಗಿಗಾಹರ್ಟ್ಸ್ ಪಟ್ಟಿಯನ್ನು ವಿಂಡೋಸ್ 11 ಬಳಸಬಲ್ಲುದು, ವಿಂಡೋಸ್ 10 ಬಳಸಲಾರದು. ಎದುರಿನ ರೌಟರಿಗೂ ಅದು ಬರಬೇಕು. ಕಡೆಯದಾಗಿ ದೇಶದ ಕಾನೂನು ಒಪ್ಪಬೇಕು. ನಮ್ಮಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಅಲ್ಪಶಕ್ತಿಯ ಉಪಕರಣಗಳಿಗೆ ಪರವಾನಗಿಯಿಲ್ಲದೆ ಬಳಸಲು ಬಿಟ್ಟಿದ್ದು 2005ರಲ್ಲಿ. 5 ಗಿಗಾಹರ್ಟ್ಸ್‌ನ ವಿಶಾಲಭಾಗವು ಕಟ್ಟಡದ ಒಳಗೂ ಹೊರಗೂ ಮುಕ್ತವಾದದ್ದು 2018ರ ಅಕ್ಟೋಬರಿನಲ್ಲಿ. 6 ಗಿಗಾಹರ್ಟ್ಸ್‌ನ ಕೆಳಭಾಗಕ್ಕೆ ದೂರಸಂಪರ್ಕ ಇಲಾಖೆಯು ಕರಡು ನಿಯಮಗಳನ್ನು ಪ್ರಕಟಿಸಿದ್ದು 2025ರ ಮೇ ತಿಂಗಳಲ್ಲಿ. ಆ ಕರಡಿನಲ್ಲಿ ಕಟ್ಟಡದೊಳಗೆ ಅಲ್ಪಶಕ್ತಿ, ಹೊರಗೆ ಅತ್ಯಲ್ಪ ಶಕ್ತಿ ಎಂಬ ಭೇದವನ್ನು ಇಟ್ಟಿದ್ದರು. ಹೊರಗೆ ಅತ್ಯಲ್ಪ ಶಕ್ತಿಯೆಂದ ಮೇಲೆ ಬಯಲಿನ ಕೆಲಸಕ್ಕೆ ಅದರಿಂದ ಬರುವ ಲಾಭವೂ ಅತ್ಯಲ್ಪ. ಮೇಜಿನ ಮೇಲಿನ ಯಂತ್ರಕ್ಕೆ 6ಇ ಬೇಕಾಗಬಹುದು. ಕಲ್ಲಿನ ಪಕ್ಕದ ಯಂತ್ರಕ್ಕೆ ಅದರ ಹೆಸರಿನಲ್ಲಿ ಹೆಚ್ಚು ಹಣ ತೆರುವುದು ತಕ್ಕುದಲ್ಲ.

ವೇಗದ ವಿಷಯದಲ್ಲಿ ಹಳೆಯದನ್ನು ಸಹಿಸಿಕೊಂಡು ಹೋಗಬಹುದು. ಗೋಪ್ಯದ ವಿಷಯದಲ್ಲಿ ಹಾಗಾಗುವುದಿಲ್ಲ. ಗಾಳಿಯಲ್ಲಿ ಆಡಿದ ಮಾತು ಯಾರಿಗಾದರೂ ಕೇಳಿಸುವುದರಿಂದ ಅದನ್ನು ಗೂಢಲಿಪಿಯಲ್ಲಿ ಕಳುಹಿಸುತ್ತಾರೆ. 1997ರ ಮಾನಕದೊಡನೆ ಬಂದ ಗೂಢಲಿಪಿಯನ್ನು 2001ರ ಹೊತ್ತಿಗೇ ಗಣಿತಜ್ಞರು ಒಡೆದರು. 2004ರಲ್ಲಿ ಡಬ್ಲ್ಯೂಪಿಎ2 ಬಂದಿತು. ಅದರಲ್ಲಿಯೂ 2017ರಲ್ಲಿ ಬಿರುಕು ಕಂಡಿತು. 2018ರಲ್ಲಿ ಡಬ್ಲ್ಯೂಪಿಎ3 ಬಂದಿತು. ಸಂಸ್ಥೆಯೊಂದು ತನ್ನ ರೌಟರುಗಳನ್ನು ಡಬ್ಲ್ಯೂಪಿಎ3ಕ್ಕೆ ಮಾತ್ರ ಹೊಂದಿಸಿದ ದಿನ, ಅದನ್ನರಿಯದ ಹಳೆಯ ಲ್ಯಾಪ್‌ಟಾಪು ಬಾಗಿಲ ಹೊರಗೆ ಉಳಿಯುತ್ತದೆ. ಕವಚದಲ್ಲಿ ಒಂದು ಗೀರೂ ಇರದು, ಪರದೆ ಬೆಳಗುತ್ತಿರುವುದು, ಕೀಲಿಮಣೆ ನೆಟ್ಟಗಿರುವುದು; ಆದರೂ ಯಂತ್ರ ಮೂಕ. ಅದಕ್ಕೆ ಪ್ರವೇಶ ಕೊಡಲೆಂದು ಇಡೀ ಸಂಸ್ಥೆಯ ಬೀಗವನ್ನು ಸಡಿಲಿಸುವವರೂ ಉಂಟು. ಅದು ಸರಿಯಾದ ಮಾರ್ಗವಲ್ಲ.

ಸಾಧಾರಣ ಲ್ಯಾಪ್‌ಟಾಪುಗಳಲ್ಲಿ ಈ ಸಂಕಟವು ಅಷ್ಟಾಗಿ ತಲೆದೋರುವುದಿಲ್ಲ. ಅವು ನಾಲ್ಕೈದು ವರ್ಷಗಳಲ್ಲಿ ತಾವೇ ಸವೆದು ಹೋಗುವುದರಿಂದ ಕಾರ್ಡಿನ ಮುಪ್ಪೂ ಮೈಯ ಮುಪ್ಪೂ ಒಟ್ಟಿಗೆ ಬರುತ್ತವೆ. ಗಟ್ಟಿಮೈಯದರಲ್ಲಿ ದೇಹವು ಎಂಟು ಹತ್ತು ವರ್ಷ ಬಾಳುತ್ತದೆ, ಮಾನಕವೋ ನಾಲ್ಕೈದು ವರ್ಷಕ್ಕೊಮ್ಮೆ ಹೊಸದಾಗುತ್ತದೆ. ಹಾಗಾದರೆ ಕಾರ್ಡೊಂದನ್ನೇ ಬದಲಿಸಬಾರದೆ ಎಂದು ವಾಚಕರು ಕೇಳಬಹುದು. ಅನೇಕ ಯಂತ್ರಗಳಲ್ಲಿ ಅದು ಬಿಚ್ಚಿ ಹಾಕಬಲ್ಲ ಕಾರ್ಡೇ ಆಗಿರುತ್ತದೆ. ತೊಡಕು ಬೇರೆಡೆಯಿದೆ. ನೀರು ನುಗ್ಗದಂತೆ ತಳದ ಸುತ್ತ ಇಟ್ಟ ರಬ್ಬರಿನ ಪಟ್ಟಿಯನ್ನು ಒಮ್ಮೆ ತೆರೆದು ಸರಿಯಾಗಿ ಕೂರಿಸದಿದ್ದರೆ ಐಪಿ ಸಂಕೇತದ ಅಂಕಿಗಳು ಅಲ್ಲಿಗೆ ಸುಳ್ಳಾಗುತ್ತವೆ. ಕೆಲವು ತಯಾರಕರು ತಮ್ಮ ಪಟ್ಟಿಯಲ್ಲಿಲ್ಲದ ಕಾರ್ಡನ್ನು ಯಂತ್ರವು ಒಪ್ಪದಂತೆ ಮಾಡಿರುತ್ತಾರೆ. ಕೆಲವರು ಚಿಪ್ಪನ್ನು ಮೂಲಫಲಕಕ್ಕೇ ಬೆಸೆದಿರುತ್ತಾರೆ. ಅಗ್ಗದ ಉಪಾಯವೆಂದು ಯುಎಸ್‌ಬಿ ಕಿಂಡಿಗೆ ಹೊರ ಅಡಾಪ್ಟರನ್ನು ಸಿಕ್ಕಿಸುವವರು, ಆ ಕಿಂಡಿಯ ಮುಚ್ಚಳ ತೆರೆದಿರುವಷ್ಟು ಹೊತ್ತೂ ತಮ್ಮ ಯಂತ್ರಕ್ಕೆ ಧೂಳುನೀರುಗಳ ರಕ್ಷೆಯಿಲ್ಲವೆಂಬುದನ್ನು ಮರೆಯುತ್ತಾರೆ. ಕಚೇರಿಯೊಳಗಾದರೆ ಅದು ನಿರ್ಬಾಧಕವಾದ ಉಪಾಯ, ಬಯಲಿನಲ್ಲಿ ಅಲ್ಲ.

ಬಯಲಿಗಾಗಿ ಕಂಪ್ಯೂಟರ್ ಕಟ್ಟುವ ಯತ್ನದಲ್ಲಿ ನಮ್ಮ ಊರೇ ಒಮ್ಮೆ ಮುಂದಾಗಿತ್ತೆಂಬುದನ್ನು ಇಲ್ಲಿ ಸ್ಮರಿಸುವುದು ಅಪ್ರಸ್ತುತವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವರು ಪ್ರಾಧ್ಯಾಪಕರೂ ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೂ ಸೇರಿ 1999ರಲ್ಲಿ ಒಂದು ಟ್ರಸ್ಟನ್ನು ಸ್ಥಾಪಿಸಿ, ಅಕ್ಷರ ಬಾರದವರಿಗೂ ಕೈಗೆಟುಕಬೇಕೆಂಬ ಉದ್ದೇಶದಿಂದ 'ಸಿಂಪ್ಯೂಟರ್' ಎಂಬ ಅಂಗೈಯಗಲದ ಯಂತ್ರವನ್ನು ರೂಪಿಸಿ 2001ರಲ್ಲಿ ಜನರ ಮುಂದಿಟ್ಟರು. 1954ರಿಂದ ಸೈನ್ಯಕ್ಕೆ ಉಪಕರಣಗಳನ್ನು ಮಾಡಿಕೊಡುತ್ತ ಬಂದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಪಿಕೊಪೆಟಾ ಸಂಸ್ಥೆಯೊಡಗೂಡಿ 'ಅಮಿಡ' ಎಂಬ ಹೆಸರಿನಲ್ಲಿ ಅದನ್ನು 2004ರಲ್ಲಿ ಮಾರುಕಟ್ಟೆಗೆ ತಂದಿತು. ಅದರ ಕಥೆ ದೀರ್ಘವಾದುದು, ಮಾರಾಟ ನಿರೀಕ್ಷಿಸಿದಷ್ಟು ಆಗಲಿಲ್ಲವೆಂಬುದಕ್ಕೆ ಕಾರಣಗಳೂ ಹಲವು. ನಮ್ಮ ಪ್ರಕೃತಕ್ಕೆ ಬೇಕಾದುದು ಒಂದು ಅಂಶ ಮಾತ್ರ: 2001ರಲ್ಲಿ ತೋರಿಸಿದ ಆ ಯಂತ್ರವು ಹೊರಜಗತ್ತಿನೊಡನೆ ಮಾತಾಡಲು ನೆಚ್ಚಿಕೊಂಡದ್ದು ದೂರವಾಣಿ ತಂತಿಗೆ ಸೇರುವ ಮೋಡೆಮನ್ನು. ಹಳ್ಳಿಗೆ ಅಂದು ಎಟುಕಬಹುದಾಗಿದ್ದ ದಾರಿ ಅದೇ ಆಗಿದ್ದುದರಿಂದ ಆಯ್ಕೆಯು ಅವಿವೇಕದ್ದೇನೂ ಅಲ್ಲ. ಆದರೆ ಕೆಲವೇ ವರ್ಷಗಳಲ್ಲಿ ಹಳ್ಳಿಯವರು ಸ್ಥಿರದೂರವಾಣಿಯನ್ನು ದಾಟಿ ಮೊಬೈಲಿಗೆ ಹೋದರು. ಅತ್ತ 2003ರಲ್ಲಿ ಇಂಟೆಲ್ ಸಂಸ್ಥೆಯು 'ಸೆಂಟ್ರಿನೊ' ಎಂಬ ಹೆಸರಿನಲ್ಲಿ ವೈ-ಫೈಯನ್ನು ಲ್ಯಾಪ್‌ಟಾಪಿನ ಒಡಲಿಗೇ ಸೇರಿಸಿತು. ಅಂದಿನ ಆ ಕಾರ್ಡುಗಳಿಗೂ ಬರುತ್ತಿದ್ದುದು ಬಿ ಮಾನಕವೊಂದೇ ಎಂಬುದನ್ನು ಹೇಳದಿದ್ದರೆ ಸಿಂಪ್ಯೂಟರಿನವರಿಗೆ ಅನ್ಯಾಯವಾದೀತು.

ಕೊಳ್ಳುವ ಸಂಸ್ಥೆಯು ಅಂಗಡಿಯವರ ಮುಂದಿಡಬೇಕಾದ ಪ್ರಶ್ನೆಗಳು ಇದರಿಂದ ತಾವಾಗಿ ಹೊರಡುತ್ತವೆ. ನಿಸ್ತಂತು ಕಾರ್ಡು ಬದಲಿಸಬಲ್ಲದೆ, ಬದಲಿಸಿದ ಮೇಲೆ ಕವಚವನ್ನು ಮರಳಿ ಮುಚ್ಚಿ ಪರೀಕ್ಷಿಸಿ ಕೊಡುವವರು ಬೆಂಗಳೂರಿನಲ್ಲಿ ಇರುವರೆ, ಡಬ್ಲ್ಯೂಪಿಎ3 ಬರುತ್ತದೆಯೆ, 5 ಗಿಗಾಹರ್ಟ್ಸ್ ಉಂಟೆ, ಹೊರ ಆಂಟೆನಾಕ್ಕೆ ದಾರಿಯುಂಟೆ. ಇವಕ್ಕೆ ಒಪ್ಪುವ ಉತ್ತರ ಬಂದರೆ ಕಾರ್ಡು ವೈ-ಫೈ 5ರದೇ ಆಗಿದ್ದರೂ ಚಿಂತಿಸಬೇಕಾದ್ದಿಲ್ಲ. ಬಾರದಿದ್ದರೆ ವೈ-ಫೈ 7 ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದರೂ ಆರನೆಯ ವರ್ಷದಲ್ಲಿ ಪಶ್ಚಾತ್ತಾಪವುಂಟು. ದಿನದ ಕೆಲಸ ಮುಗಿದೊಡನೆ ಸ್ಕ್ಯಾನುಗಳ ಒಂದು ಪ್ರತಿಯನ್ನು ತಂತಿಯ ಮೂಲಕ ಬೇರೊಂದು ಡಿಸ್ಕಿಗೆ ಇಳಿಸಿ, ಆ ಡಿಸ್ಕನ್ನು ಲ್ಯಾಪ್‌ಟಾಪಿನ ಚೀಲದಲ್ಲಿ ಇಡದೆ ಬೇರೊಬ್ಬರ ಕೈಯಲ್ಲಿ ಕಳುಹಿಸಬೇಕು. ನಿಸ್ತಂತು ಎಷ್ಟೇ ವೇಗವಾಗಿದ್ದರೂ ಕಲ್ಲಿನ ಬಳಿ ರೌಟರ್ ಇರುವುದಿಲ್ಲ.